ಇಂಗ್ಲಿಷ್ ಮಾತು: ಸಂಕೋಚದ ಗಂಟು ಬಿಚ್ಚುವ ಬಗೆ

ಪದವಿ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿದ ಯುವಕ ಯುವತಿಯರು ಸಂದರ್ಶನದ ಕೊಠಡಿಯಲ್ಲಿ ಮೂಕರಂತೆ ಕುಳಿತು ಹಿಂದಿರುಗುವುದು ನಮ್ಮ ಊರುಗಳಲ್ಲಿ ಅಪರೂಪದ ಸಂಗತಿಯಲ್ಲ. ಕೇಳಿದ ಪ್ರಶ್ನೆ ಅವರಿಗೆ ಅರ್ಥವಾಗಿರುತ್ತದೆ, ಉತ್ತರವೂ ತಿಳಿದಿರುತ್ತದೆ. ಅದನ್ನೇ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಕೇಳಿದ್ದರೆ ನಿರರ್ಗಳವಾಗಿ ಹೇಳಬಲ್ಲರು. ಇಂಗ್ಲಿಷಿನಲ್ಲಿ ಹೇಳಬೇಕೆಂದಾಗ ಮಾತ್ರ ಗಂಟಲು ಒಣಗುತ್ತದೆ, ಅಂಗೈ ಬೆವರುತ್ತದೆ. ಹಲವಾರು ವರ್ಷ ಇಂಗ್ಲಿಷನ್ನು ಪಠ್ಯವಾಗಿ ಓದಿ, ಬರೆದು, ಉತ್ತೀರ್ಣರಾದವರ ಸ್ಥಿತಿ ಇದು. ಆದುದರಿಂದ ಇಲ್ಲಿರುವುದು ಕೇವಲ ಭಾಷೆಯ ಕೊರತೆಯಲ್ಲ. ಹಾಗಾದರೆ ಕೊರತೆ ಯಾವುದರದು ಎಂಬುದನ್ನು ನಾವು ಸಮಾಧಾನದಿಂದ ವಿಚಾರಿಸಬೇಕಾಗಿದೆ.

ಗ್ರೀಕ್ ದಾರ್ಶನಿಕ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಲಜ್ಜೆಯನ್ನು ಅಪಕೀರ್ತಿಯ ಭಯವೆಂದು ವಿವರಿಸುತ್ತಾನೆ. ಮರಣಭಯದಿಂದ ಮುಖ ಬಿಳಿಚಿಕೊಂಡರೆ, ಲಜ್ಜೆಯಿಂದ ಕೆಂಪೇರುತ್ತದೆ ಎಂಬುದು ಅವನ ಸೂಕ್ಷ್ಮ ಅವಲೋಕನ. ಈ ಮಾತನ್ನು ಒಪ್ಪಿದರೆ ಲಜ್ಜೆಗೆ ಇಬ್ಬರು ಬೇಕಾಗುತ್ತದೆ: ಮಾತನಾಡುವವನೊಬ್ಬ, ಅವನನ್ನು ತೂಗಿ ನೋಡುವ ಇನ್ನೊಬ್ಬ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿನ ಮುಂದೆ ಇಂಗ್ಲಿಷ್ ಮಾತನಾಡಲು ಯಾರೂ ನಾಚುವುದಿಲ್ಲ. ನಾಚಿಕೆಯ ಅರ್ಧ ಬೇರು ಕಲಿಯುವವನ ಮನಸ್ಸಿನಲ್ಲಿದ್ದರೆ, ಉಳಿದರ್ಧ ಕೇಳುವವರ ನಡತೆಯಲ್ಲಿದೆ.

ಭಾಷೆ ಬಲ್ಲವರನ್ನೂ ಈ ಭಯ ಬಿಡುವುದಿಲ್ಲ. ಮಹಾತ್ಮಾ ಗಾಂಧಿಯವರು 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಸಸ್ಯಾಹಾರಿಗಳ ಸಭೆಯೊಂದಕ್ಕಾಗಿ ಇಂಗ್ಲಿಷಿನಲ್ಲಿ ಭಾಷಣ ಬರೆದುಕೊಂಡು ಹೋಗಿದ್ದರು. ಓದಲು ಎದ್ದು ನಿಂತಾಗ ಕಣ್ಣು ಮಂಜಾಯಿತು, ಮೈ ನಡುಗಿತು. ಅದನ್ನು ಬೇರೊಬ್ಬರು ಓದಬೇಕಾಯಿತು. ಈ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ಗಾಂಧಿಯವರು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಅಲ್ಲಿಯ ಭಾರತೀಯರನ್ನು ಕೂಡಿಸಿ ಧೈರ್ಯವಾಗಿ ಮಾತನಾಡಿದರು. ಅವರ ಗಮನ ಆಗ ತಮ್ಮ ಮೇಲಿರಲಿಲ್ಲ, ಎದುರಿಗಿದ್ದವರ ಕಷ್ಟದ ಮೇಲಿತ್ತು. ಇಂಗ್ಲಿಷ್ ಬಾರದವರಿಗೆ ತಾವೇ ಕಲಿಸುವುದಾಗಿಯೂ ಹೇಳಿದರು. ಮೂವರು ಮುಂದೆ ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಕಾರ. ಗಾಂಧಿಯವರು ಅವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಕ್ಷೌರಿಕನಿಗೆ ಬೇಕಾದದ್ದು ಗಿರಾಕಿಗಳೊಡನೆ ವ್ಯವಹರಿಸುವಷ್ಟು ಇಂಗ್ಲಿಷ್ ಮಾತ್ರ. ತನಗೆಷ್ಟು ಬೇಕೆಂಬುದನ್ನು ತಿಳಿದಿದ್ದ ಆ ಕ್ಷೌರಿಕನಿಂದ ನಮ್ಮ ಪದವೀಧರರೂ ಕಲಿಯಬೇಕಾದದ್ದಿದೆ.

ನಮ್ಮ ದೇಶದಲ್ಲಿ ಇಂಗ್ಲಿಷ್ ಬರಿಯ ಭಾಷೆಯಾಗಿ ಬೆಳೆಯಲಿಲ್ಲ. 1835ರಲ್ಲಿ ಮೆಕಾಲೆಯ ಟಿಪ್ಪಣಿಯ ಬಳಿಕ ಅದು ಸರಕಾರದ ಮನ್ನಣೆ ಪಡೆದ ವಿದ್ಯೆಯಾಯಿತು, ಕಚೇರಿಯ ಬಾಗಿಲಾಯಿತು, ಕ್ರಮೇಣ ಅಂತಸ್ತಿನ ಗುರುತಾಯಿತು. ಕನ್ನಡದಲ್ಲಿ ತಪ್ಪಿದರೆ 'ಬಾಯಿ ತಪ್ಪಿತು' ಎನ್ನುವವರೇ ಇಂಗ್ಲಿಷಿನಲ್ಲಿ ತಪ್ಪಿದರೆ 'ಇವನು ಓದಿದ್ದೇನು' ಎನ್ನುತ್ತಾರೆ. ಒಂದು ಪದ ತಪ್ಪಿದರೆ ಇಡೀ ಮನುಷ್ಯನೇ ಹಗುರಾಗಿಬಿಡುತ್ತಾನೆ. ಈ ತೂಕದ ಕಲ್ಲೇ ಸುಳ್ಳು ಎಂಬುದನ್ನು ಮೊದಲು ಮನಗಾಣಬೇಕು.

ಹೊರದೇಶದವರೊಬ್ಬರು ಬಂದು ತೊದಲು ಕನ್ನಡದಲ್ಲಿ ಎರಡು ಮಾತಾಡಿದರೆ ನಮಗೆ ಎಷ್ಟು ಸಂತೋಷ! ಅವರ ಲಿಂಗ, ವಚನ, ವಿಭಕ್ತಿಗಳು ತಪ್ಪಿದರೂ ಮೆಚ್ಚಿಕೊಳ್ಳುತ್ತೇವೆ. ಜರ್ಮನಿಯಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರು ಕನ್ನಡವನ್ನು ಮೊದಲಕ್ಷರದಿಂದ ಕಲಿಯಬೇಕಾಯಿತು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷಗಳು. ಪರಭಾಷೆಯನ್ನು ಕಲಿಯುವವನು ಕೇಳಿ, ಆಡಿ, ತಿದ್ದಿಕೊಂಡೇ ಬೆಳೆಯಬೇಕು; ವಿದ್ವಾಂಸನಿಗೂ ಬೇರೆ ದಾರಿಯಿಲ್ಲ. ಪರದೇಶಿಯ ಕನ್ನಡಕ್ಕೆ ತೋರುವ ಔದಾರ್ಯವನ್ನು ನಮ್ಮದೇ ಮನೆಯ ಮಗುವಿನ ಇಂಗ್ಲಿಷಿಗೆ ತೋರಲು ಏನು ಅಡ್ಡಿ?

ತಪ್ಪುಗಳಿಗೂ ಕಾರಣವಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃಪದದ ಬೆನ್ನಿಗೇ ಬರುತ್ತದೆ. ನಾವು 'ಮೇಜಿನ ಮೇಲೆ' ಎಂದರೆ ಅವರು 'ಆನ್ ದ ಟೇಬಲ್' ಎಂದು ತಿರುಗಿಸಿ ಹೇಳುತ್ತಾರೆ. 'ಎ', 'ದ' ಎಂಬ ಉಪಪದಗಳು ನಮ್ಮಲ್ಲಿಲ್ಲ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಬಸ್ ಎಂಬುದು ಬಸ್ಸಾಗುತ್ತದೆ, ಕಾರ್ ಎಂಬುದು ಕಾರಾಗುತ್ತದೆ. ಇವೆಲ್ಲ ದಡ್ಡತನದ ಲಕ್ಷಣಗಳಲ್ಲ. ತಾಯ್ನುಡಿ ಗಟ್ಟಿಯಾಗಿ ಬೇರೂರಿದೆ ಎಂಬುದರ ಕುರುಹುಗಳು. ಕಲಿಯುವವನ ತಪ್ಪುಗಳು ಅವನ ಕಲಿಕೆ ಎಲ್ಲಿಗೆ ಬಂದಿದೆ ಎಂಬುದನ್ನು ತೋರಿಸುತ್ತವೆ ಎಂದು ಭಾಷಾತಜ್ಞ ಎಸ್. ಪಿ. ಕಾರ್ಡರ್ 1967ರಲ್ಲಿಯೇ ಪ್ರತಿಪಾದಿಸಿದ್ದರು.

ಇನ್ನು ಉಪಾಯವೇನು? ವೀಣೆ ನುಡಿಸುತ್ತಲೇ ವೈಣಿಕನಾಗುವಂತೆ ಧೈರ್ಯದ ಕಾರ್ಯಗಳನ್ನು ಮಾಡುತ್ತಲೇ ಧೀರನಾಗುತ್ತಾನೆ ಎಂಬುದು ಅರಿಸ್ಟಾಟಲನ ವಿಚಾರದ ಸಾರ. 'ಹಾಡ್ತಾ ಹಾಡ್ತಾ ರಾಗ' ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಮಾತನಾಡುವೆ ಎನ್ನುವವನು ನೀರಿಗಿಳಿಯದೆ ಈಜು ಕಲಿಯಲು ಹೊರಟವನು.

ಇಳಿಯುವುದು ಆಳವಿಲ್ಲದ ಕಡೆಯಿಂದಲೇ ಆಗಲಿ. ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು ಮತ್ತಿತರೆಡೆಯ ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ಜಗತ್ತಿನ ಇಂಗ್ಲಿಷ್ ಶಿಕ್ಷಕರ ಗಮನ ಸೆಳೆಯಿತು. ಅಲ್ಲಿ ವ್ಯಾಕರಣದ ಪಾಠಕ್ಕೆ ಬದಲಾಗಿ ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ರೂಪ ತಾನಾಗಿ ಒಲಿಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ನಮ್ಮ ಮನೆಗಳಲ್ಲಿಯೂ ಇದು ಸಾಧ್ಯ. ಬಸ್ ನಿಲ್ದಾಣದಿಂದ ಚರ್ಚಿಗೆ ಬರುವ ದಾರಿಯನ್ನು, ನೀರುದೋಸೆ ಹೊಯ್ಯುವ ಕ್ರಮವನ್ನು ದಿನಕ್ಕೆ ಐದು ನಿಮಿಷ ಇಂಗ್ಲಿಷಿನಲ್ಲಿ ಒಬ್ಬ ಗೆಳೆಯನಿಗೆ ಹೇಳಿನೋಡಲಿ. ಪದ ಸಿಗದಿದ್ದರೆ 'ಲೆಟ್ ಮಿ ಥಿಂಕ್' ಎನ್ನಲಿ; ಅರ್ಥವಾಗದಿದ್ದರೆ 'ಪ್ಲೀಸ್ ಸೇ ಇಟ್ ಅಗೇನ್' ಎನ್ನಲಿ. ಇವನ್ನು ಹೇಳಲು ನಾಚಬೇಕಾಗಿಲ್ಲ. ಇಂಗ್ಲಿಷರೂ ಹೀಗೆಯೇ ಹೇಳುತ್ತಾರೆ.

ವಿದೇಶಕ್ಕೆ ಹೊರಡುವ ನಮ್ಮ ದಾದಿಯರಲ್ಲಿ ಅನೇಕರು ಐಇಎಲ್‌ಟಿಎಸ್ ಪರೀಕ್ಷೆಗೆ ಅಂಜುತ್ತಾರೆ. ಅದರ ಮಾತಿನ ಭಾಗ 11ರಿಂದ 14 ನಿಮಿಷ ಮಾತ್ರ. ಅಳೆಯುವುದು ನಾಲ್ಕು ಅಂಶಗಳನ್ನು: ನಿರರ್ಗಳತೆ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ಬೆಲೆ. ಉಚ್ಚಾರಣೆ ಸ್ಪಷ್ಟವಾಗಿರಬೇಕು, ಇಂಗ್ಲಿಷರ ರಾಗವೇ ಬೇಕೆಂದಿಲ್ಲ. ವ್ಯಾಕರಣದ ತಪ್ಪಿಗೆ ಹೆದರಿ ಮೌನಿಯಾಗುವವಳು ಒಂದನ್ನು ಉಳಿಸಹೋಗಿ ನಾಲ್ಕನ್ನೂ ಕಳೆದುಕೊಳ್ಳುತ್ತಾಳೆ.

ಕೊನೆಯದಾಗಿ, ಕೇಳುವವರ ಕರ್ತವ್ಯದ ಮಾತು. ತಂದೆತಾಯಿಯರು ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಇಂಗ್ಲಿಷ್ ಪರೀಕ್ಷೆ ಮಾಡದಿರಲಿ. ಶಿಕ್ಷಕರು ವಾಕ್ಯ ಮುಗಿಯುವ ತನಕ ತಾಳಿ, ಬಳಿಕ ತಿದ್ದಲಿ. ಆಂಗ್ಲ ಮಾಧ್ಯಮದಲ್ಲಿ ಓದಿದವರು ತಮ್ಮ ಜೊತೆಗಾರರ ತಪ್ಪಿಗೆ ನಗುವ ಬದಲು ಸರಿಯಾದ ರೂಪವನ್ನು ಮೆಲ್ಲನೆ ನುಡಿದು ತೋರಿಸಲಿ. ನಮ್ಮ ಯುವ ಸಂಘಟನೆಗಳು ವಾರಕ್ಕೊಮ್ಮೆ ಅರ್ಧ ಗಂಟೆ, ಯಾರೂ ನಗುವುದಿಲ್ಲವೆಂಬ ಒಂದೇ ನಿಯಮದಲ್ಲಿ ಕೂಡಿ ಮಾತನಾಡಿದರೆ ಖರ್ಚಿಲ್ಲದ ಶಾಲೆಯೊಂದು ಸಿದ್ಧವಾಗುತ್ತದೆ. ಎಡವುತ್ತ ನಡೆಯುವ ಮಗುವಿಗೆ ನಾವು ಕೈ ಚಾಚುತ್ತೇವೆ. ಎಡವುತ್ತ ನುಡಿಯುವವನಿಗೆ ಅಷ್ಟೇ ಅಕ್ಕರೆಯಿಂದ ಕಿವಿಗೊಟ್ಟರೆ ಸಾಕು. ಉಳಿದ ದಾರಿಯನ್ನು ಅವನೇ ನಡೆದಾನು.