ಹೂ ನಡುಗಿದರೆ ಕಾಯಿ

ಠಾಣೆ ಜಿಲ್ಲೆಯ ಬೇಲಾಪುರದ ನಮ್ಮ ಐದನೇ ಮಹಡಿಯ ಬಾಲ್ಕನಿಯಲ್ಲಿ ಎರಡು ಕುಂಡ ಬದನೆ ಗಿಡಗಳಿವೆ. ಹೋದ ಚಳಿಗಾಲದಲ್ಲಿ ಗಿಡದ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಹೂವು ಅರಳುತ್ತಿತ್ತು, ಎರಡು ಮೂರು ದಿನಕ್ಕೆ ತೊಟ್ಟು ಹಳದಿಯಾಗಿ ಕಳಚಿ ಬೀಳುತ್ತಿತ್ತು. ಗೊಬ್ಬರ ಬದಲಿಸಿದೆ, ನೀರು ಹೆಚ್ಚುಕಡಿಮೆ ಮಾಡಿದೆ. ಕಡೆಗೆ ಶಿರಸಿಯಿಂದ ಅತ್ತೆ ಫೋನಿನಲ್ಲಿ ಕೇಳಿದರು: “ಗಿಡಕ್ಕೆ ದುಂಬಿ ಬರ್ತದೇನೋ ಅಲ್ಲಿ?”

ಬರುವುದಿಲ್ಲ. ಗಾಜು ಹಾಕಿಸಿದ ಬಾಲ್ಕನಿಗೆ ಗಾಳಿಯೇ ಸರಿಯಾಗಿ ಬರುವುದಿಲ್ಲ, ಇನ್ನು ದುಂಬಿ ಎಲ್ಲಿಂದ?

ಬದನೆ ಹೂವನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ನೇರಳೆ ಬಣ್ಣದ ಎಸಳುಗಳ ನಡುವೆ ಹಳದಿ ಕೇಸರಗಳು ಒಂದಕ್ಕೊಂದು ಒತ್ತಿಕೊಂಡು ಶಂಕುವಿನಂತೆ ನಿಂತಿರುತ್ತವೆ. ದಾಸವಾಳಕ್ಕೆ ಬೆರಳು ತಾಗಿಸಿದರೆ ಪರಾಗ ಅಂಟಿಕೊಳ್ಳುತ್ತದೆ. ಬದನೆಯದು ಹಾಗಲ್ಲ. ಪರಾಗವೆಲ್ಲ ಕೇಸರದ ಚೀಲದೊಳಗೆ ಭದ್ರವಾಗಿರುತ್ತದೆ. ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಅಷ್ಟೇ. ಹೋಟೆಲ್ ಮೇಜಿನ ಉಪ್ಪಿನ ಡಬ್ಬಿಯ ಹಾಗೆ ಅಲುಗಿಸಿದರೆ ಮಾತ್ರ ಪುಡಿ ಉದುರೀತು.

ದುಂಬಿ ಮಾಡುವುದು ಈ ಕೆಲಸವನ್ನೇ. ಕೇಸರದ ಗೊಂಚಲನ್ನು ಕಾಲುಗಳಿಂದ ತಬ್ಬಿ, ರೆಕ್ಕೆ ಬೀಸದೆ, ಹಾರಾಟದ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದೆ. ಹಾರುವಾಗಿನ ಸದ್ದಿಗಿಂತ ತುಸು ಕೀರಲಾದ ಒಂದು ‘ಗುಂಯ್’, ಪರಾಗ ಅದರ ಹೊಟ್ಟೆಯ ಮೇಲೆ. ಒಣಮರ ಕೊರೆಯುವ ಕರಿ ದುಂಬಿಗೂ, ಮಣ್ಣಿನಲ್ಲಿ ಗೂಡು ಮಾಡುವ ನೀಲಿಪಟ್ಟೆಯ ದುಂಬಿಗೂ ಇದು ಗೊತ್ತು. ನೀಲಿಪಟ್ಟೆಯ ದುಂಬಿಯ ಆಸ್ಟ್ರೇಲಿಯಾದ ಬಂಧುವೊಂದು ಸೆಕೆಂಡಿಗೆ ಸುಮಾರು 350 ಬಾರಿ ಕೇಸರಕ್ಕೆ ತಲೆ ಬಡಿಯುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಇಲ್ಲ.

ನಾನು ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷನ್ನು ಚಾಲೂ ಮಾಡಿ, ಅದರ ಹಿಂಬದಿಯನ್ನು ಹೂವಿನ ತೊಟ್ಟಿಗೆ ಎರಡು ಮೂರು ಸೆಕೆಂಡ್ ತಾಗಿಸಿದೆ. ಕೆಳಗೆ ಹಿಡಿದಿದ್ದ ಮೊಬೈಲಿನ ಕಪ್ಪು ಪರದೆಯ ಮೇಲೆ ತೆಳು ಹಳದಿ ಹುಡಿ ಮಂಜಿನಂತೆ ಕೂತಿತು. ಬೆಳಗಿನ ಹೊತ್ತು, ಒಣ ಹವೆಯಲ್ಲಿ ಮಾಡಿದರೆ ಒಳ್ಳೆಯದು. ಕೇಸರಗಳ ನಡುವಿನಿಂದ ಹಸಿರು ಶಲಾಕೆ ಹೊರಚಾಚಿರುವ ಹೂವನ್ನೇ ಆರಿಸಿಕೊಳ್ಳಿ. ಶಲಾಕೆ ಗಿಡ್ಡಗಿದ್ದು ಒಳಗೇ ಅಡಗಿರುವ ಹೂವುಗಳು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ.

ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಈಗ ಪುಟ್ಟ ಡಬ್ಬಿಗಳಲ್ಲಿ ಸಿಗುವ ಬ್ಲೂಬೆರಿಯ ಕಥೆಯೂ ಇದೇ. ಅದರದು ಬಾಯಿ ಕೆಳಗಾದ ಪುಟಾಣಿ ಗಂಟೆಯಂಥ ಹೂವು, ಕೇಸರದ ತುದಿಯಲ್ಲಿ ಅದೇ ತೂತು. ಅಮೆರಿಕದ ಮೇನ್ ರಾಜ್ಯದಲ್ಲೂ ಪೂರ್ವ ಕೆನಡಾದಲ್ಲೂ ಕಾಡು ಬ್ಲೂಬೆರಿಯನ್ನು ಯಾರೂ ನೆಡುವುದಿಲ್ಲ. ನೆಲದಡಿಯ ಕಾಂಡದಿಂದ ತಾನೇ ಹಬ್ಬಿದ ಹೊಲಗಳವು. ಒಂದೇ ಬುಡದಿಂದ ಹಬ್ಬಿದ ಗಿಡಗಳ ಪರಾಗ ಪರಸ್ಪರ ಅಷ್ಟಾಗಿ ಕೂಡಿಬರುವುದಿಲ್ಲ, ಇನ್ನೊಂದು ಬುಡದ್ದೇ ಬೇಕು. ಹಾಗಾಗಿ ಹೂವಿನ ಕಾಲಕ್ಕೆ ಲಾರಿಗಳಲ್ಲಿ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಾರೆ. ಒಂದೊಂದು ಭೇಟಿಯ ಲೆಕ್ಕದಲ್ಲಿ ಜೇನ್ನೊಣಕ್ಕಿಂತ ಅಲ್ಲಿನ ರೋಮದ ದೊಡ್ಡ ದುಂಬಿಯೇ ಮೇಲು. ಅದು ಹೂವನ್ನು ನಡುಗಿಸಬಲ್ಲದು, ಜೇನ್ನೊಣ ಗೂಡಿನಲ್ಲೇ ಉಳಿಯುವ ಚಳಿಯಲ್ಲೂ ಹೊರಗೆ ದುಡಿಯುತ್ತದೆ. ಜೇನ್ನೊಣ ಈ ಕೊರತೆಯನ್ನು ಸಂಖ್ಯೆಯಿಂದ ತುಂಬುತ್ತದೆ.

ಪರಾಗ ಬಿದ್ದರೆ ಕಾಯಿ ಯಾಕೆ ದಪ್ಪವಾಗಬೇಕು? ಕೂಡಿಬಂದ ಪರಾಗದ ಕಣ ಶಲಾಕೆಯೊಳಗೆ ಒಂದು ನಾಳ ಇಳಿಸಿ, ಅಂಡಾಶಯದಲ್ಲಿರುವ ಒಂದು ಅಂಡಕವನ್ನು ಮುಟ್ಟುತ್ತದೆ. ಆ ಅಂಡಕ ಬೀಜವಾಗುತ್ತದೆ. ಬೆಳೆಯುವ ಬೀಜ ಹಾರ್ಮೋನು ಸ್ರವಿಸಿ ತನ್ನ ಸುತ್ತ ತಿರುಳು ಕಟ್ಟಿಸಿಕೊಳ್ಳುತ್ತದೆ. ಬ್ಲೂಬೆರಿಯಲ್ಲಿ ಬೀಜ ಹೆಚ್ಚಿದಷ್ಟೂ ಹಣ್ಣು ದೊಡ್ಡದು. ಒಂದು ತುದಿ ಸಣಕಲಾಗಿ ಡೊಂಕಾದ ಸೌತೆಕಾಯಿಯನ್ನು ಸಿಗಿದು ನೋಡಿ, ಆ ತುದಿಯಲ್ಲಿ ಬೀಜ ಜೊಳ್ಳಾಗಿರುವುದು ಎಷ್ಟೋ ಸಲ ಕಾಣುತ್ತದೆ. ಬೀಜವಿಲ್ಲದೆಯೇ ಕಾಯಿಬಿಡುವ ತಳಿಗಳ ಮಾತು ಬೇರೆ.

ನಮ್ಮೂರಿನ ನಿಜವಾದ ಕಾಡುಹಣ್ಣು ಬ್ಲೂಬೆರಿಯಲ್ಲ, ನೇರಳೆ. ಇದೇ ಠಾಣೆ ಜಿಲ್ಲೆಯ ಬದ್ಲಾಪುರದ ಜಾಂಭೂಳಕ್ಕೆ, ಅಂದರೆ ನೇರಳೆಗೆ, ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮಾರ್ಚ್‌ನಲ್ಲಿ ಪಾರ್ಸಿಕ್ ಗುಡ್ಡದ ಬದಿಯ ನೇರಳೆ ಮರದಡಿ ನಿಂತರೆ ಮರವೇ ಮೊರೆಯುತ್ತಿರುತ್ತದೆ, ರಸ್ತೆಯ ಮೇಲೆ ಬಿಳಿ ಕೇಸರಗಳ ಹಾಸು. ಈ ಹೂವಿಗೆ ಬೀಗವಿಲ್ಲ. ತೆರೆದ ಬಟ್ಟಲಲ್ಲಿ ಮಕರಂದ, ಹೊರಗೆ ಹರಡಿದ ಕೇಸರ. ಹೆಜ್ಜೇನು, ತುಡುವೆ, ನೊಣ ಯಾವುದೂ ಬಂದೀತು, ಗಾಳಿಯೂ ಒಂದಿಷ್ಟು ಪರಾಗ ಸಾಗಿಸುತ್ತದೆ. ನೇರಳೆಗೆ ಸಾಮಾನ್ಯವಾಗಿ ಒಂದೇ ಬೀಜ. ಹಾಗಾಗಿ ಇಲ್ಲಿ ಜೇನು ನಿರ್ಧರಿಸುವುದು ಹಣ್ಣಿನ ಗಾತ್ರಕ್ಕಿಂತ ಎಷ್ಟು ಹೂವು ಕಾಯಾಗುತ್ತದೆ ಎಂಬುದನ್ನು. ಹಾಗಂತ ಎಲ್ಲವೂ ಜೇನಿನ ಕೈಯಲ್ಲಿಲ್ಲ. ಕೃಷಿ ವಿಜ್ಞಾನಿಗಳ ಲೆಕ್ಕದಂತೆ ನೇರಳೆಯ 100 ಹೂಗಳಲ್ಲಿ ಹಣ್ಣಾಗುವವು 12ರಿಂದ 15. ಉಳಿದವು ಹೂವಾಗಿಯೋ ಮಿಡಿಯಾಗಿಯೋ ಉದುರುತ್ತವೆ.

ಇದೇ ಹೂವಿನ ಕಾಲದಲ್ಲಿ ನಮ್ಮ ಕಟ್ಟಡದ ನೀರಿನ ಟಾಂಕಿಯಡಿ ಹೆಜ್ಜೇನು ಕಟ್ಟಿತ್ತು. ಕೀಟನಾಶಕದವರನ್ನು ಕರೆಸಿ ಒಂದೇ ರಾತ್ರಿಯಲ್ಲಿ ಮುಗಿಸಿದರು. ಬೆಳಿಗ್ಗೆ ವಾಚ್‌ಮನ್ ಮೊರದ ತುಂಬ ಸತ್ತ ನೊಣ ಗುಡಿಸಿದ್ದನ್ನು ನಾನು ಮರೆತಿಲ್ಲ. ಹೆಜ್ಜೇನು ಅಪಾಯಕಾರಿ ಎಂಬುದು ನಿಜ, ಮಕ್ಕಳು ಓಡಾಡುವ ಕಡೆ ಕಟ್ಟಿದ್ದರೆ ತಿಳಿದವರಿಂದ ಎಬ್ಬಿಸಲೇಬೇಕು. ಆದರೆ ಅದು ವಲಸೆಯ ಜೇನು, ಹೂವಿನ ಕಾಲ ಮುಗಿದ ಮೇಲೆ ತಾನೇ ಹೊರಡುತ್ತದೆ. ಯಾರೂ ಹೋಗದ ಟಾಂಕಿಯಡಿಗೆ ಏಣಿ ತೆಗೆದಿಟ್ಟು, ಒಂದು ಫಲಕ ತೂಗಿಹಾಕಿ ಕಾಯಬಹುದಿತ್ತು. ತೋಟದ ಗಿಡಗಳಿಗೆ ಔಷಧಿ ಹೊಡೆಯಲೇಬೇಕೆಂದಿದ್ದರೂ ಅರಳಿದ ಹೂವಿಗೆ ತಾಗದಂತೆ, ಸಂಜೆ ನೊಣಗಳು ಗೂಡು ಸೇರಿದ ಮೇಲೆ ಹೊಡೆಯಿರಿ.

ದುಂಬಿಗೆ ಬೇಕಾದದ್ದು ಸ್ವಲ್ಪ. ಸಿಮೆಂಟ್ ಹಾಕದ ಒಂದು ತುಂಡು ನೆಲ, ಸ್ವಲ್ಪ ಒಣಮರ. ಈ ವರ್ಷ ನಾನು ಗಾಜು ಸರಿಸಿ ಬದನೆ ಕುಂಡಗಳನ್ನು ಗ್ರಿಲ್ಲಿನ ಹೊರಗಿಟ್ಟು, ಪಕ್ಕದಲ್ಲಿ ಒಣಬಿದಿರಿನ ನಾಲ್ಕು ತುಂಡು ಅಡ್ಡ ಕಟ್ಟಿದ್ದೇನೆ. ಸೋಮವಾರದಿಂದ ಒಂದು ತುಂಡಿನ ಕೆಳಗೆ ದಿನವೂ ಚಿಟಿಕೆಯಷ್ಟು ಹೊಟ್ಟು ಬೀಳುತ್ತಿದೆ. ಒಳಗೆ ಯಾರೋ ಕೊರೆಯುತ್ತಿದ್ದಾರೆ.