ರಾಸಾಯನಿಕದ ಬೆಲೆ ಮತ್ತು ಅದರ ಕೆಲಸದ ಬೆಲೆ

ಬೀದರ ನಗರವು ನೆಲೆಸಿರುವ ಪ್ರಸ್ಥಭೂಮಿಯ ಮೇಲ್ಭಾಗದಲ್ಲಿ ಕೆಂಪು ಜಂಬಿಟ್ಟಿಗೆಯ ಪದರವೂ ಅದರ ಅಡಿಯಲ್ಲಿ ದಖ್ಖನಿನ ಕಪ್ಪು ಅಗ್ನಿಶಿಲೆಯೂ ಇವೆ. ರಂಧ್ರಮಯವಾದ ಜಂಬಿಟ್ಟಿಗೆಯು ಮಳೆಯ ನೀರನ್ನು ಹೀರಿ ಕೆಳಕ್ಕೆ ಬಿಡುವುದು. ಗಟ್ಟಿಯಾದ ಕಪ್ಪುಶಿಲೆಯು ಅದನ್ನು ತಡೆದು ನಿಲ್ಲಿಸುವುದು. ಈ ಎರಡೂ ಸಂಧಿಸುವ ಎಡೆಯಲ್ಲಿ ಸಂಚಯವಾಗುವ ಜಲವನ್ನು ಸುರಂಗ ತೋಡಿ ಜನವಸತಿಯ ಕಡೆಗೆ ಹರಿಸಿದ ಬಹಮನಿ ಕಾಲದ ಕರೇಜ್ ಇಂದಿಗೂ ನೌಬಾದಿನಲ್ಲಿದೆ. ನೀರನ್ನು ಇಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವ ನೆಲವು ನೀರಿನೊಡನೆ ಬರುವ ಮತ್ತಾವುದನ್ನೂ ಅಷ್ಟೇ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆಂಬುದನ್ನು ನಾವು ಮರೆಯಲಾಗದು. ಏಕೆಂದರೆ ಇದೇ ನಗರದ ಅಂಚಿನಲ್ಲಿ, ಕೊಳಾರ ಕೈಗಾರಿಕಾ ಪ್ರದೇಶದಲ್ಲಿ, ಔಷಧಿಯ ಮೂಲದ್ರವ್ಯಗಳನ್ನೂ ಇತರ ರಾಸಾಯನಿಕಗಳನ್ನೂ ತಯಾರಿಸುವ ಕಾರ್ಖಾನೆಗಳಿವೆ. ದುರ್ವಾಸನೆಯ ಬಗೆಗೂ ಕೆಟ್ಟ ನೀರಿನ ಬಗೆಗೂ ಸುತ್ತಲಿನ ಗ್ರಾಮಸ್ಥರು ಅನೇಕ ವರ್ಷಗಳಿಂದ ದೂರುತ್ತ ಬಂದಿದ್ದಾರೆ.

ಇಂಥ ದೂರುಗಳು ಎದ್ದಾಗಲೆಲ್ಲ ನಮ್ಮ ಗಮನವು ಕಾರ್ಖಾನೆಯ ಹಿಂಬಾಗಿಲಿನತ್ತ, ಎಂದರೆ ಹೊಗೆಕೊಳವೆ, ಚರಂಡಿ, ಶುದ್ಧೀಕರಣ ಘಟಕಗಳತ್ತ ಹೋಗುತ್ತದೆ. ಅದು ಸಹಜವೂ ಹೌದು, ಅವಶ್ಯಕವೂ ಹೌದು. ಆದರೆ ತ್ಯಾಜ್ಯವು ಹುಟ್ಟುವುದು ಮುಂಬಾಗಿಲಿನಲ್ಲಿ, ಸರಕು ಖರೀದಿಯ ಕಾಗದಕ್ಕೆ ಸಹಿ ಬೀಳುವ ಗಳಿಗೆಯಲ್ಲಿ.

ಒಂದು ಪೀಪಾಯಿ ದ್ರಾವಕವು ಕಾರ್ಖಾನೆಗೆ ಬಂದಿತೆಂದುಕೊಳ್ಳೋಣ. ಅದನ್ನು ಇಳಿಸಿ, ತೂಗಿ, ಉಗ್ರಾಣದ ವಹಿಗೆ ಏರಿಸಬೇಕು. ಬೆಂಕಿ ತಗುಲದಂತೆ ಪ್ರತ್ಯೇಕ ಕೊಠಡಿಯಲ್ಲಿರಿಸಬೇಕು. ಕೈಗವಸು ಕನ್ನಡಕಗಳನ್ನು ಕೊಟ್ಟು, ಅದನ್ನು ಮುಟ್ಟುವ ಕಾರ್ಮಿಕನಿಗೆ ತಿಳಿವಳಿಕೆ ನೀಡಬೇಕು. ಅರ್ಧ ಬಳಸಿ ಉಳಿದದ್ದು ಅವಧಿ ಮೀರಿದರೆ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಬರೆದುಕೊಳ್ಳಬೇಕು. ಖಾಲಿ ಪೀಪಾಯಿಯನ್ನೂ ಕಂಡವರಿಗೆ ಮಾರುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚುಕಾಲ ಕಾರ್ಖಾನೆಯ ಆವರಣದಲ್ಲಿಟ್ಟುಕೊಳ್ಳಲಾಗದು. ಅದನ್ನು ಹೂಳುವ ರಾಜ್ಯದ ಪ್ರಮುಖ ಕೇಂದ್ರವು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಹೀಗೆ ಒಂದು ಪೀಪಾಯಿಯ ಕ್ರಯಕ್ಕೆ ಅದರ ಕಾವಲಿನ ವೆಚ್ಚ, ಲೆಕ್ಕದ ವೆಚ್ಚ, ಸಾಗಾಟದ ವೆಚ್ಚ, ವಿಸರ್ಜನೆಯ ವೆಚ್ಚಗಳೆಲ್ಲ ಸೇರಿದರೆ ಈ ವೆಚ್ಚಗಳ ಮೊತ್ತವೇ ಕ್ರಯವನ್ನು ಎಷ್ಟೋ ಸಲ ಮೀರುತ್ತದೆ. ಆದರೆ ಈ ವೆಚ್ಚಗಳು ಒಂದೊಂದೂ ಒಂದೊಂದು ವಿಭಾಗದ ಲೆಕ್ಕದಲ್ಲಿ ಅಡಗಿರುವುದರಿಂದ ಮಾಲಿಕನ ಕಣ್ಣಿಗೆ ಬೀಳುವುದು ಸರಕುಪಟ್ಟಿಯ ಮೊತ್ತವೊಂದೇ.

ಇದಕ್ಕೆ ಮೂಲವು ವ್ಯಾಪಾರದ ಕಟ್ಟಳೆಯಲ್ಲಿಯೇ ಇದೆ. ಮಾರುವವನಿಗೆ ಲೀಟರಿನ ಮೇಲೆ ಲಾಭ. ಆದುದರಿಂದ ಹೆಚ್ಚು ಲೀಟರು ಹೋದಷ್ಟೂ ಅವನಿಗೆ ಹಿತ. ಕೊಳ್ಳುವವನಿಗೆ ಬೇಕಾದುದು ಲೀಟರಲ್ಲ, ಅದು ಮಾಡಿಕೊಡುವ ಕಾರ್ಯ: ಜಿಡ್ಡು ಹೋಗಬೇಕು, ಲೋಹಕ್ಕೆ ಬಣ್ಣ ಹಿಡಿಯಬೇಕು, ಬಾಯ್ಲರಿನ ನೀರು ಗರಣೆಗಟ್ಟದಿರಬೇಕು. ರಾಸಾಯನಿಕದ ಗುಣವನ್ನು ಚೆನ್ನಾಗಿ ಬಲ್ಲವನು ಮಾರುವವನೇ ಆದರೂ ಅದನ್ನು ಮಿತವಾಗಿ ಬಳಸುವ ಉಪಾಯವನ್ನು ಹೇಳಿಕೊಟ್ಟರೆ ಅವನಿಗೇ ನಷ್ಟ. ಜ್ಞಾನವು ಒಬ್ಬನಲ್ಲಿಯೂ ಮಿತವ್ಯಯದ ಆಸೆಯು ಇನ್ನೊಬ್ಬನಲ್ಲಿಯೂ ಇರುವ ಈ ವ್ಯವಸ್ಥೆಯಲ್ಲಿ ಪೋಲಾಗುವುದು ಯಾರೊಬ್ಬರ ದುರುದ್ದೇಶದಿಂದಲೂ ಅಲ್ಲ; ಬೆಲೆ ಕಟ್ಟುವ ರೀತಿಯಿಂದ.

ಬೆಲೆ ಕಟ್ಟುವ ರೀತಿಯನ್ನು ಬದಲಾಯಿಸಿದರೆ ಏನಾಗಬಹುದೆಂಬುದನ್ನು 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಪರೀಕ್ಷಿಸಿ ನೋಡಿತು. ಕಾರ್ಖಾನೆಗೆ ಬೇಕಾದ ರಾಸಾಯನಿಕಗಳ ಖರೀದಿ, ದಾಸ್ತಾನು, ಹಂಚಿಕೆ, ಮೇಲ್ವಿಚಾರಣೆಗಳನ್ನು ಒಬ್ಬ ಪ್ರಧಾನ ಪೂರೈಕೆದಾರನಿಗೆ ಒಪ್ಪಿಸಿ, ತಯಾರಾದ ಪ್ರತಿಯೊಂದು ವಾಹನಕ್ಕೆ ಇಂತಿಷ್ಟೆಂದು ಹಣ ಕೊಡುವುದು ಆ ಏರ್ಪಾಡು. ಅಂದಿನಿಂದ ಪೂರೈಕೆದಾರನಿಗೆ ಉಳಿಸಿದ ಪ್ರತಿ ಲೀಟರೂ ಲಾಭವಾಯಿತು, ಚೆಲ್ಲಿದ ಪ್ರತಿ ಲೀಟರೂ ನಷ್ಟವಾಯಿತು. ಇದೇ ಮಾರ್ಗದಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಘಟನೆಯು ಆಸ್ಟ್ರಿಯ ಸರಕಾರದ ನೆರವಿನಿಂದ 2004ರಿಂದ ‘ಕೆಮಿಕಲ್ ಲೀಸಿಂಗ್’ ಎಂಬ ಹೆಸರಿನಲ್ಲಿ ಈ ಪದ್ಧತಿಯನ್ನು ಹಲವು ದೇಶಗಳಲ್ಲಿ ಪ್ರಚುರಪಡಿಸಿತು. ಈಜಿಪ್ಟಿನ ಮೋಟಾರು ಕಾರ್ಖಾನೆಯೊಂದರಲ್ಲಿ ಶುಚಿಗೊಳಿಸುವ ದ್ರಾವಕವನ್ನು ಲೀಟರಿನ ಲೆಕ್ಕದಲ್ಲಿ ಕೊಳ್ಳುವುದು ನಿಂತು, ವಾಹನವೊಂದಕ್ಕೆ ಇಷ್ಟೆಂದು ಪಾವತಿಯಾಯಿತು. ಬಳಸಿ ಮಲಿನವಾದ ದ್ರಾವಕವನ್ನು ಪೂರೈಕೆದಾರನೇ ಹಿಂದಕ್ಕೆ ಒಯ್ದು ಸಂಸ್ಕರಿಸತೊಡಗಿದನು.

ಈ ತತ್ತ್ವವನ್ನು ನಮ್ಮ ಜಿಲ್ಲೆಯ ಕಣ್ಣಿನಿಂದ ನೋಡಬೇಕಾದರೆ ಭಾಲ್ಕಿಯ ಕಡೆಗೆ ಹೋಗಬೇಕು. ಆ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿಯವರ ಹೆಸರಿನ ಸಹಕಾರಿ ಸಕ್ಕರೆ ಕಾರ್ಖಾನೆಯುಂಟು. ಸಕ್ಕರೆಯ ತಯಾರಿಕೆಯನ್ನು ಹೊರಗಿನಿಂದ ನೋಡುವವರಿಗೆ ಕಬ್ಬು, ಗಾಣ, ಹಬೆಗಳಷ್ಟೇ ತೋರುವುವು. ಆದರೆ ಬಿಳಿಯ ಸಕ್ಕರೆಯಾಗಬೇಕಾದರೆ ಹಿಂಡಿದ ರಸವನ್ನು ಬಿಸಿಮಾಡಿ, ಅದಕ್ಕೆ ಸುಣ್ಣದ ಹಾಲನ್ನೂ, ಗಂಧಕವನ್ನು ಉರಿಸಿದ ಹೊಗೆಯನ್ನೂ ಕೂಡಿಸಿ, ಆಮ್ಲಕ್ಷಾರಗಳೆರಡರತ್ತಲೂ ವಾಲದಂತೆ ಸಮಸ್ಥಿತಿಯಲ್ಲಿ ಹಿಡಿಯಬೇಕು. ಆಗ ಮಲಿನಾಂಶಗಳು ಗಡ್ಡೆಕಟ್ಟಿ ತಳಕ್ಕಿಳಿದು, ಶೋಧಕದಲ್ಲಿ ಪ್ರೆಸ್‌ಮಡ್ ಆಗಿ ಬೇರ್ಪಡುತ್ತವೆ. ಸುಣ್ಣ ಹೆಚ್ಚಿದರೆ ರಸದ ಬಣ್ಣ ಕಂದಿ, ರಸವನ್ನು ಗಟ್ಟಿಗೊಳಿಸುವ ಪಾತ್ರೆಗಳ ಕೊಳವೆಗಳಲ್ಲಿ ಗರಣೆ ಕಟ್ಟುವುದು. ಕಡಮೆಯಾದರೆ ಸಕ್ಕರೆಯೇ ಒಡೆದು ಕಾಕಂಬಿಯ ಪಾಲಾಗುವುದು. ಗರಣೆ ಕಟ್ಟಿದ ಕೊಳವೆಗಳನ್ನು ತೊಳೆಯಲು ಕಾಸ್ಟಿಕ್ ಸೋಡವನ್ನು ಕುದಿಸಬೇಕು, ಕೆಲಸ ನಿಲ್ಲಿಸಬೇಕು. ತೊಳೆದ ನೀರು ತ್ಯಾಜ್ಯನೀರಿನ ಹೊರೆಯನ್ನು ಹೆಚ್ಚಿಸುವುದು. ಒಂದು ರಾಸಾಯನಿಕದ ಅತಿಬಳಕೆಯು ಮತ್ತೊಂದನ್ನು ಕರೆದು ತರುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಇಲ್ಲಿ ಸುಣ್ಣ, ಗಂಧಕ, ಕಾಸ್ಟಿಕ್‌ಗಳಿಗೆ ಬೇರೆಬೇರೆ ಟೆಂಡರು ಕರೆದು, ಯಾರು ಕಿಲೋಗೆ ಕಡಮೆ ದರ ಹೇಳುವರೋ ಅವರಿಂದ ಕೊಳ್ಳುವುದರ ಬದಲು, ನುರಿಸಿದ ಪ್ರತಿ ಟನ್ ಕಬ್ಬಿಗೆ ಇಷ್ಟೆಂದು ಗೊತ್ತುಮಾಡಿ, ಸಕ್ಕರೆಯ ಬಣ್ಣ ಇಂಥದಿರಬೇಕು, ಎರಡು ತೊಳೆತಗಳ ನಡುವೆ ಇಷ್ಟು ದಿನಗಳ ಅಂತರವಿರಬೇಕು ಎಂದು ಕರಾರು ಬರೆಸಿಕೊಂಡರೆ ಪೂರೈಕೆದಾರನು ತನ್ನ ರಸಾಯನಜ್ಞನನ್ನು ಹಂಗಾಮಿನುದ್ದಕ್ಕೂ ಅಲ್ಲಿಯೇ ಇರಿಸುವನು. ಅಳತೆ ತಪ್ಪದಂತೆ ನೋಡಿಕೊಳ್ಳುವುದು ಅವನದೇ ಹಿತವಾಗುವುದು. ಸಹಕಾರಿ ಕಾರ್ಖಾನೆಯಲ್ಲಿ ಉಳಿಯುವ ಹಣವು ಕಬ್ಬು ಬೆಳೆದ ರೈತ ಸದಸ್ಯರದು. ಉಳಿಯುವ ನೀರೂ ಅವರದೇ, ಏಕೆಂದರೆ ಕಾರಂಜಾ ನದಿಯೂ ಮಾಂಜರಾ ನದಿಯೂ ಅವರ ಹೊಲಗಳನ್ನು ಬಳಸಿಯೇ ಹರಿಯುತ್ತವೆ. ಮಾಂಜರಾ ಮುಂದೆ ತೆಲಂಗಾಣದ ಸಿಂಗೂರು ಜಲಾಶಯವನ್ನು ಸೇರುವುದರಿಂದ ಇಲ್ಲಿನ ಮಿತವ್ಯಯವು ಅಲ್ಲಿ ಕುಡಿಯುವವರಿಗೂ ಸಲ್ಲುವ ಉಪಕಾರ.

ಕಾರ್ಯಕ್ಕೆ ಬೆಲೆ ಕಟ್ಟುವ ಕ್ರಮವು ಬೀದರಿಗೆ ಪರಕೀಯವೇನೂ ಅಲ್ಲ. ಬಿದರಿ ಕಲೆಯ ಕುಶಲಕರ್ಮಿಯು ಸತುವಿಗೆ ಅಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಮೇಲ್ಮೈಗೆ ಮೈಲುತುತ್ತದ ದ್ರಾವಣವನ್ನು ಸವರಿ ತಾತ್ಕಾಲಿಕವಾದ ಕಪ್ಪನ್ನು ತಂದು, ಆ ಕಪ್ಪಿನ ಮೇಲೆ ಸೂಜಿಮೊನೆಯಿಂದ ಚಿತ್ರ ಬರೆದು, ಗೆರೆಗಳನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿಯನ್ನು ಕೂರಿಸುತ್ತಾನೆ. ಬಳಿಕ ಉಜ್ಜಿ ನಯಗೊಳಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಕಾಯಿಸಿದ ಪಾತ್ರೆಗೆ ಲೇಪಿಸುತ್ತಾನೆ. ಲೋಹವೆಲ್ಲ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿಯೊಂದು ಮಾತ್ರ ಹೊಳೆಯುತ್ತದೆ. ಹೂದಾನಿಯನ್ನು ಕೊಳ್ಳುವವನು ನವಸಾಗರದ ತೂಕವನ್ನು ಕೇಳುವುದಿಲ್ಲ, ಕಪ್ಪಿನ ಗಾಢತೆಯನ್ನು ನೋಡುತ್ತಾನೆ. ದ್ರವ್ಯವನ್ನು ಬಲ್ಲವನೂ, ಅದನ್ನು ಬಳಸುವವನೂ, ಅದರ ಖರ್ಚನ್ನು ಹೊರುವವನೂ ಒಬ್ಬನೇ ಆದುದರಿಂದ ಇಲ್ಲಿ ಅಳತೆಯು ತಾನಾಗಿ ಹದದಲ್ಲಿರುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಈ ಮೂವರು ಬೇರೆಯಾಗಿದ್ದಾರೆ. ಹೊಸ ಕರಾರಿನ ಉದ್ದೇಶವು ಅವರ ಹಿತವನ್ನು ಮತ್ತೆ ಒಂದುಗೂಡಿಸುವುದು.

ನಮ್ಮ ಜಿಲ್ಲೆಯ ಔರಾದಿನಲ್ಲಿ ಇದೇ ಪ್ರಶ್ನೆಯು ಹೊಲದ ರೂಪದಲ್ಲಿದೆ. ತೊಗರಿ, ಹೆಸರು, ಉದ್ದು, ಸೋಯಾಬೀನು ಬೆಳೆಯುವ ಆ ತಾಲ್ಲೂಕಿನ ರೈತನಿಗೆ ಯಾವ ಔಷಧಿಯನ್ನು ಎಷ್ಟು ಹೊಡೆಯಬೇಕೆಂದು ಹೇಳುವವನು ಬಹುಮಟ್ಟಿಗೆ ಅದನ್ನು ಮಾರುವ ಅಂಗಡಿಯವನೇ. ಕಾಯಿಕೊರಕವು ಕಂಡಾಗ ಮಾತ್ರ ಹೊಡೆಯಿರೆಂದು ಹೇಳುವುದರಿಂದ ಅಂಗಡಿಗೆ ಲಾಭವಿಲ್ಲ. ರೈತರ ಸಂಘವೊಂದು ಎಕರೆಯ ಲೆಕ್ಕದಲ್ಲಿ ಬೆಳೆಯ ರಕ್ಷಣೆಯನ್ನೇ ಗುತ್ತಿಗೆಗೆ ಕೊಟ್ಟು, ಉಳಿದ ಔಷಧಿಯನ್ನೂ ಖಾಲಿ ಡಬ್ಬಿಗಳನ್ನೂ ಹಿಂದಕ್ಕೆ ಒಯ್ಯುವ ಹೊಣೆಯನ್ನು ಪೂರೈಕೆದಾರನಿಗೇ ಹೊರಿಸಿದರೆ ಸಾಲವೂ ವಿಷವೂ ಏಕಕಾಲದಲ್ಲಿ ಇಳಿಯುವುವು. ಹೀಗೆ ಹಿಂದಕ್ಕೆ ಒಯ್ಯುವವನಿಲ್ಲದಿದ್ದರೆ ಆಗುವುದನ್ನು ಕಾಸರಗೋಡಿನ ಕನ್ನಡಿಗರು ಬಲ್ಲರು. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ವರ್ಷಾನುವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದುದರಿಂದ ಎಣ್ಮಕಜೆಯಂಥ ಗ್ರಾಮಗಳು ಪಟ್ಟ ಪಾಡು ಲೋಕವಿದಿತ. ಸಿಂಪರಣೆ ನಿಂತ ಮೇಲೂ ಮಿಕ್ಕ ವಿಷವು ತೋಟದ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಸೋರುತ್ತಿದ್ದ ಪೀಪಾಯಿಗಳಿಂದ ಅದನ್ನು ಹೊಸ ಪೀಪಾಯಿಗಳಿಗೆ ವರ್ಗಾಯಿಸುವ ಕಾರ್ಯಾಚರಣೆಯು ನಡೆದದ್ದು 2012ರಲ್ಲಿ.

ಈ ಪದ್ಧತಿಗೆ ಕೆಲವು ಎಚ್ಚರಿಕೆಗಳೂ ಅವಶ್ಯಕ. 1984ರ ಭೋಪಾಲ ದುರಂತದ ತರುವಾಯ ಬಂದ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳೂ ಕಾರ್ಖಾನೆಯನ್ನು ನಡೆಸುವವನನ್ನೇ ಹೊಣೆಗಾರನೆಂದು ಹಿಡಿಯುತ್ತವೆ. ಕೆಲಸವನ್ನು ಹೊರಗಿನವರಿಗೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಗುಣಮಟ್ಟದ ಮಾನದಂಡವಿಲ್ಲದೆ ಕರಾರು ಬರೆದರೆ ಪೂರೈಕೆದಾರನು ಉಳಿತಾಯದ ಆತುರದಲ್ಲಿ ಕೆಲಸವನ್ನೇ ಕೆಡಿಸಬಹುದು; ಹಳೆಯ ಬಳಕೆಯ ಪ್ರಾಮಾಣಿಕ ಲೆಕ್ಕವಿಲ್ಲದಿದ್ದರೆ ಉಳಿದುದೆಷ್ಟು, ಅದರಲ್ಲಿ ಯಾರ ಪಾಲೆಷ್ಟು ಎಂಬ ವಿವಾದವು ತಪ್ಪದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪಾತ್ರೆಯಲ್ಲಿ ಏನಿದೆಯೆಂಬ ತಿಳಿವು ಹೊರಗಿನ ಗುತ್ತಿಗೆದಾರನ ವಹಿಯಲ್ಲಿ ಮಾತ್ರ ಉಳಿಯದೆ, ಅದನ್ನು ಮುಟ್ಟುವ ಕಾರ್ಮಿಕನಿಗೆ ಅವನ ಭಾಷೆಯಲ್ಲಿ ದೊರೆಯಬೇಕು.

ಸಣ್ಣ ಘಟಕವೊಂದರ ಬಳಕೆ ಅಲ್ಪ. ಅದಕ್ಕಾಗಿ ರಸಾಯನಜ್ಞನನ್ನು ಕಳುಹಿಸಲು ಯಾವ ಪೂರೈಕೆದಾರನೂ ಒಪ್ಪಲಾರನು. ಆದರೆ ಕೊಳಾರದ ಕಾರ್ಖಾನೆಗಳಲ್ಲಿ ಬಾಯ್ಲರಿನ ನೀರಿನ ಔಷಧಿ, ಕ್ಷಾರ, ಆಮ್ಲ, ಸಾಮಾನ್ಯ ದ್ರಾವಕಗಳಂಥ ಸಮಾನ ಬಳಕೆಯ ವಸ್ತುಗಳಿಗೆ ಕೈಗಾರಿಕೋದ್ಯಮಿಗಳೆಲ್ಲ ಕೂಡಿ ಒಂದೇ ಕರಾರು ಮಾಡಿಕೊಳ್ಳಲು ಅಡ್ಡಿಯೇನೂ ಇಲ್ಲ. ಅದಕ್ಕೆ ಮೊದಲ ಹೆಜ್ಜೆಯಾಗಿ ಹೊಸ ಯಂತ್ರವೂ ಬೇಡ, ಸರಕಾರದ ಸಹಾಯಧನವೂ ಬೇಡ: ಪ್ರತಿಯೊಂದು ಕಾರ್ಖಾನೆಯು ಕಳೆದ ವರ್ಷ ಒಳಗೆ ಬಂದ ರಾಸಾಯನಿಕವೆಷ್ಟು, ಸರಕಿನಲ್ಲಿ ಹೊರಗೆ ಹೋದುದೆಷ್ಟು, ನಡುವೆ ಕಾಣೆಯಾದುದೆಷ್ಟು ಎಂದು ಒಂದೇ ಹಾಳೆಯಲ್ಲಿ ಬರೆಯಲಿ. ಕಾಣೆಯಾದುದೆಲ್ಲ ಗಾಳಿಯಲ್ಲಿಯೋ ನೀರಿನಲ್ಲಿಯೋ ಮಣ್ಣಿನಲ್ಲಿಯೋ ಇದೆ, ಮತ್ತು ಅದಕ್ಕೆ ಮಾಲಿಕನು ಪೂರ್ಣ ಬೆಲೆಯನ್ನು ತೆತ್ತಿದ್ದಾನೆ. ಆ ಮೊತ್ತವನ್ನು ಮುಂದಿಟ್ಟುಕೊಂಡು ಕುಳಿತ ದಿನ, ಪರಿಸರದ ಹಿತಕ್ಕೂ ಉದ್ಯಮದ ಹಿತಕ್ಕೂ ವಿರೋಧವುಂಟೆಂಬ ಹಳೆಯ ವಾದವನ್ನು ಮುಂದುವರಿಸಲು ಯಾರಿಗೂ ಕಾರಣ ಉಳಿಯದು.