ಗಿರಣಿ ಹೋಗಿ ಮಹಡಿ ಬಂತು

ನಮ್ಮ ಚೆನ್ನೈಯ ಪೆರಂಬೂರಿನಲ್ಲಿ 1876ರಲ್ಲಿ ಬಕಿಂಗ್‌ಹ್ಯಾಮ್ ಬಟ್ಟೆ ಗಿರಣಿ ಹುಟ್ಟಿತು. 1920ರಲ್ಲಿ ಕರ್ನಾಟಿಕ್ ಗಿರಣಿಯೂ ಅದರೊಡನೆ ಕೂಡಿತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್. ಅಲ್ಲಿನ ಕೂಲಿಗಾರರಿಗಾಗಿಯೇ 1918ರಲ್ಲಿ ಮದರಾಸು ಕಾರ್ಮಿಕ ಸಂಘ ಸ್ಥಾಪನೆಯಾಯಿತು. ಪುಳಿಯಾಂತೋಪಿನ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಗಿರಣಿಯ ಸಂಬಳದಿಂದ.

ಕಾಲಕ್ರಮದಲ್ಲಿ ಬಟ್ಟೆಯ ಲಾಭ ಇಳಿಯಿತು. ನಗರ ಬೆಳೆದಂತೆ ನೆಲದ ಬೆಲೆ ಏರಿತು. 1996ರಲ್ಲಿ ಗಿರಣಿ ಮುಚ್ಚಿತು. ಈಗ ಅಲ್ಲಿ ಎತ್ತರದ ವಸತಿ ಮಹಡಿಗಳಿವೆ. ಬೆಂಗಳೂರಿನ ಬಿನ್ನಿಪೇಟೆಯಲ್ಲಿಯೂ ಹೀಗೆಯೇ ಆಯಿತು.

ನೆಲಕ್ಕೆ ಬೆಲೆ ಬರುವುದು ಸುತ್ತ ಬಾಳುವವರ ದುಡಿಮೆಯಿಂದ. ಆದರೆ ಏರಿದ ಬೆಲೆ ಒಡೆಯನಿಗೆ, ಏರಿದ ಬಾಡಿಗೆ ಬಡವನಿಗೆ. ಊರು ಹೊಸದಾಯಿತೆಂದು ಹಿಗ್ಗುವ ಮುನ್ನ, ಹಳಬರಿಗೆ ಅಲ್ಲಿ ಕೆಲಸವೂ ಸೂರೂ ಉಳಿದಿವೆಯೇ ಎಂದು ನಾವು ಕೇಳಬೇಕು.